ನೊಣದ ಬೋನು ಇಡುವ ಜಾಗ

ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಮಾತಿನ ನಡುವೆ ಒಬ್ಬರು, “ನಿಮ್ಮ ಕಾಲದಲ್ಲಿ ಈಗಿನ ಮಾತ್ರೆ, ಇಂಜಕ್ಷನ್ ಯಾವುದೂ ಇರಲಿಲ್ಲ. ದಿನವೆಲ್ಲ ಏನು ಮಾಡ್ತಿದ್ರಿ ಸಾರ್?” ಎಂದು ಕೇಳಿದರು. “ನೊಣ ಹಿಡೀತಿದ್ವಿ” ಎಂದೆ. ಇಬ್ಬರೂ ನಕ್ಕರು. ವ್ಯಾಪಾರವಿಲ್ಲದ ಅಂಗಡಿಯವನು ನೊಣ ಹೊಡೆಯುತ್ತ ಕೂತಿದ್ದಾನೆ ಎನ್ನುತ್ತಾರಲ್ಲ, ಹಾಗೆಂದು ತಿಳಿದರೋ ಏನೋ. ನಾನು ಹೇಳಿದ್ದು ನಿಜವನ್ನೇ. ಅವರು ಹೋದ ಮೇಲೆ ಇದನ್ನು ಬರೆಯಲು ಕೂತೆ. ಯಾವಾಗ ಬಡ್ತಿಯಾಯಿತು, ಯಾವಾಗ ವರ್ಗವಾಯಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ನೀವು ಕಲಿಯುವುದೇನೂ ಇಲ್ಲ. ನಾನು ಎಡವಿದ ಕಡೆ ನೀವು ಎಡವದಿದ್ದರೆ ಸಾಕು.

ನಾನು ಹಾಸನದಲ್ಲಿ ಕೆಲಸಕ್ಕೆ ಸೇರಿದ್ದು ಮೂವತ್ತರ ದಶಕದ ನಡುವೆ. ಸಿಡುಬಿಗೆ ಚುಚ್ಚುತ್ತಿದ್ದೆವು, ಪ್ಲೇಗಿಗೆ ಚುಚ್ಚುತ್ತಿದ್ದೆವು. ಮಾವಿನ ಕಾಲದಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಮಕ್ಕಳಿಗೆ ಬರುತ್ತಿದ್ದ ರಕ್ತಭೇದಿಗೆ ಮಾತ್ರ ನಮ್ಮ ಕೈಯಲ್ಲಿ ಬುದ್ಧಿಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಮೇಲಧಿಕಾರಿ ಒಬ್ಬ ಡಾಕ್ಟರು. ಮೈಸೂರು ಕಡೆಯವರು, ತೆಳ್ಳನೆಯ ಮನುಷ್ಯ, ಮುಚ್ಚುಕೋಟು, ರುಮಾಲು, ಮಾತು ಕಡಿಮೆ. ಅವರನ್ನು ನಾವೆಲ್ಲ ‘ಡಾಕ್ಟರು’ ಎಂದೇ ಕರೆಯುತ್ತಿದ್ದೆವು. ನಾನು ಸೇರಿದ ಮೊದಲ ವಾರ ಅವರು ಕಚೇರಿಯ ಅಂಗಳದಲ್ಲಿ ಒಂದು ತಟ್ಟೆಗೆ ಬೆಲ್ಲದ ನೀರು ಹಾಕಿಸಿ, ಅರ್ಧ ಗಂಟೆ ಅದನ್ನು ನೋಡುತ್ತ ಕೂರಲು ಹೇಳಿದರು.

“ಏನು ನೋಡಿದೆಯಯ್ಯಾ?” ಎಂದರು ಬಂದು.

“ನೊಣ ಕೂತು ಬೆಲ್ಲ ತಿಂದವು ಸಾರ್.”

“ಎದ್ದಾಗ ಯಾವ ಕಡೆ ಹೋದವು?”

ನಾನು ಅದನ್ನು ನೋಡಿರಲಿಲ್ಲ. ಇನ್ನರ್ಧ ಗಂಟೆ ಕೂರಿಸಿದರು. ಆಗ ಕಂಡಿತು. ಎದ್ದ ನೊಣ ಬೆಳಕಿರುವ ಕಡೆಗೆ, ಮೇಲಕ್ಕೆ ಹೋಗುತ್ತದೆ.

“ಅಷ್ಟೇ ಈ ಬೋನಿನ ಗುಟ್ಟು. ಕೆಳಗೆ ಬಗ್ಗಿ ಬಂದ ದಾರಿ ಹುಡುಕೋ ಬುದ್ಧಿ ನೊಣಕ್ಕಿಲ್ಲ” ಎಂದು ತಾವೇ ಬರೆದಿದ್ದ ಒಂದು ನೊಣದ ಬೋನಿನ ಚಿತ್ರ ಕೊಟ್ಟರು. ತಂತಿ ಜಾಲರಿಯ ಒಂದು ಕೊಳಗ. ಅದರೊಳಗೆ ಬೋರಲು ಹಾಕಿದ ಆಲಿಕೆಯಂತೆ ಇನ್ನೊಂದು ಜಾಲರಿ, ತುದಿಯಲ್ಲಿ ಒಂದು ಸಣ್ಣ ತೂತು. ಕೊಳಗ ನಿಲ್ಲಲು ಮೂರು ಗಿಡ್ಡ ಕಾಲು. ಕೆಳಗಿಟ್ಟ ತಟ್ಟೆಯಲ್ಲಿ ನೊಣಕ್ಕೆ ಹಿಡಿಸುವ ತಿಂಡಿ. ತಿಂದ ನೊಣ ಮೇಲೆದ್ದು ಆಲಿಕೆಯ ತೂತಿನಿಂದ ಕೊಳಗಕ್ಕೆ ನುಗ್ಗುತ್ತದೆ, ಅಲ್ಲೇ ಉಳಿಯುತ್ತದೆ.

ಅದನ್ನು ಮಾಡಿಕೊಟ್ಟವರು ಹೊಳೆನರಸೀಪುರದ ಬಾಷಾ ಸಾಬರು. ಸೀಮೆಎಣ್ಣೆ ಡಬ್ಬದಿಂದ ಒಲೆ, ದೀಪ, ಮೊರ ಏನು ಬೇಕಾದರೂ ಮಾಡುವವರು. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಹುಲಿಗೆ ಬೋನು ಇಟ್ಟೋರ್ನ ನೋಡಿದೀನಿ ಸಾಬ್. ನೊಣಕ್ಕೆ ಬೋನು ಮಾಡ್ಸೋರು ನೀವೇ ಮೊದ್ಲು” ಎಂದರು. ನಾನು ಅಳತೆ ಹೇಳುವಾಗ ಕಾಲಿನ ಮಾತು ಮರೆತೆ. ಮೊದಲ ಹನ್ನೆರಡು ಬೋನುಗಳು ನೆಲಕ್ಕೆ ಕಚ್ಚಿಕೊಂಡು ಕೂತವು. ನೊಣ ಸುತ್ತ ಸುತ್ತಿ ಹೊರಗಿನಿಂದಲೇ ಹಿಂತಿರುಗಿದವು. ಬಾಷಾ ಸಾಬರು ಅಷ್ಟಕ್ಕೂ ಕಾಲು ಬೆಸೆದುಕೊಟ್ಟರು.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಚನ್ನರಾಯಪಟ್ಟಣದಲ್ಲಿ. ಕೊಬ್ಬರಿ ವ್ಯಾಪಾರಿಗಳ ಒಂದು ದೊಡ್ಡ ಮನೆ. ಹಿತ್ತಲಲ್ಲಿ ತೆಂಗಿನಕಾಯಿಯ ನೀರು ಚೆಲ್ಲಿ, ಕಾಯಿ ಕೊಳೆತು ನೊಣವೋ ನೊಣ. ಮನೆಯ ಯಜಮಾನರ ತಾಯಿ ಗೌರಮ್ಮನವರು ಹೇಳಿಕಳಿಸಿದ್ದರು. ಮೀನಿನ ತಲೆ ಇಟ್ಟರೆ ನೊಣ ಬಹಳ ಬೀಳುತ್ತದೆಂದು ನಾನು ಕೇಳಿದ್ದೆ. ಸಂತೆಯಿಂದ ನಾಲ್ಕು ತಲೆ ತಂದು, ಮನೆಯವರಿಗೆ ಒಂದು ಮಾತೂ ಹೇಳದೆ ತಟ್ಟೆಗೆ ಹಾಕಿ, ಬೋನನ್ನು ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲೇ ಇಟ್ಟು ಹೊರಟೆ. ಅದು ಲಿಂಗಪೂಜೆ ಮಾಡುವ ಮನೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಹೋದರೆ ಬೋನು ಬೀದಿಯಲ್ಲಿ ಬಿದ್ದಿತ್ತು. ಅಂಗಳವನ್ನೆಲ್ಲ ತೊಳೆದು ಸಾರಿಸಿದ್ದರು. ಗೌರಮ್ಮನವರು ಜಗಲಿಯ ಮೇಲೆ ಕೂತಿದ್ದರು. ಕೂಗಾಡಲಿಲ್ಲ. “ನೊಣ ಹಿಡಿಯಾಕೆ ಬಂದ್ರೋ, ಊರ ನೊಣನೆಲ್ಲ ಊಟಕ್ಕೆ ಕರಿಯಾಕೆ ಬಂದ್ರೋ? ಮೊನ್ನೆವರ್ಗೂ ಇತ್ಲಲ್ಲಿದ್ವು. ಈಗ ಒಲೆ ಮುಂದೆ ಅವೆ” ಎಂದರು.

ನಾನು ಹಾಸನಕ್ಕೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿಕೊಂಡೆ. ಬೈಗುಳ ಕಾದಿದೆ ಎಂದುಕೊಂಡಿದ್ದೆ. ಅವರು ಮಾರನೆಯ ದಿನ ನನ್ನನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಬಂದರು. ಆ ಮನೆಯ ಮುಂದೆ ಜೋಡು ಬಿಟ್ಟು, ರುಮಾಲು ತೆಗೆದು ಕೈಯಲ್ಲಿ ಹಿಡಿದು, “ತಾಯಿ, ನಮ್ಮವನಿಗೆ ನಾನು ಸರಿಯಾಗಿ ಹೇಳಿಕೊಡಲಿಲ್ಲ. ತಪ್ಪು ನಂದು” ಎಂದರು. ಅಷ್ಟು ದೊಡ್ಡ ಅಧಿಕಾರಿ ಹಾಗೆ ನಿಂತದ್ದನ್ನು ನೋಡಿ ಗೌರಮ್ಮನವರಿಗೇ ಸಂಕೋಚವಾಯಿತು. ಒಳಗಿನಿಂದ ಹಾಲು ತರಿಸಿದರು. ಆಮೇಲೆ ಪಾಠ ಅವರೇ ಹೇಳಿದರು.

“ನಾಯ್ಗೆ ಅನ್ನ ಇಕ್ಕೋದು ಇತ್ಲಾಚೆ ಕಣಪ್ಪ, ಬಾಗ್ಲಾಗಲ್ಲ. ನೊಣಕ್ಕೂ ಅಂಗೇ. ಮೀನೇ ಯಾಕೆ ಬೇಕು? ಕೊಳ್ತ ಬಾಳೆಹಣ್ಣು, ಬೆಲ್ಲ ಮಡಗಿ, ಬತ್ತಾವೋ ಇಲ್ವೋ ನೋಡಿ.”

ಅವರೇ ಕೈ ತೋರಿಸಿ, ತೆಂಗಿನ ಸಿಪ್ಪೆಯ ರಾಶಿಗೂ ಮನೆಗೂ ನಡುವೆ, ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಬಿಸಿಲು ಬೀಳುವ ಕಡೆ ಬೋನು ಇಡಿಸಿದರು. ಸಂಜೆಯೊಳಗೆ ಜಾಲರಿ ಕಪ್ಪಗಾಗಿತ್ತು. ಮುಂದೆ ಎಲ್ಲ ಊರುಗಳಲ್ಲೂ ನಾನು ಬೋನು ಇಟ್ಟದ್ದು ಆ ಅಜ್ಜಿಯ ಲೆಕ್ಕದಂತೆಯೇ. ಅಂದು ಹಿಂತಿರುಗುವ ದಾರಿಯಲ್ಲಿ ಡಾಕ್ಟರು ಒಂದೇ ಮಾತು ಹೇಳಿದರು. “ಮನೆಯೊಳಕ್ಕೆ ಹೋಗೋ ಮುಂಚೆ ಮನೆಯವರನ್ನ ಕೇಳಬೇಕಯ್ಯಾ.”

ಅರಕಲಗೂಡಿನ ಕಡೆ ಇನ್ನೊಂದು ಪೇಚಾಯಿತು. ಹೊಗೆಸೊಪ್ಪು ಬೆಳೆಯುವ ರೈತರೊಬ್ಬರ ಹೊಲದ ಮನೆ. ಬೆಲ್ಲದ ನೀರಿಟ್ಟು ಬಂದಿದ್ದೆ. ಮರುದಿನ ಅವರು ಬೋನನ್ನು ನನ್ನ ಮುಂದೆ ತಂದಿಟ್ಟು, “ಇವ್ನ ನೋಡಿ ಸಾ. ನಮ್ ಬೇಲೀಲಿ ಕಟ್ಟಿದ್ ಕಡ್ಡಿಜೇನಿನವು” ಎಂದರು. ಅರ್ಧ ಬೋನು ಜೇನು. ಕನ್ನಡದಲ್ಲಿ ಜೇನೂ ನೊಣವೇ. ಬೆಲ್ಲದ ನೀರಿಗೂ ಆ ಭೇದ ತಿಳಿಯದು. ಆ ರೈತರು ಬೋನನ್ನು ನೆರಳಿಗೆ ಒಯ್ದು, ತಳದ ಜಾಲರಿ ಬಿಚ್ಚಿ, ಬದುಕಿದ್ದವನ್ನು ಒಂದೊಂದಾಗಿ ಕಡ್ಡಿಯ ಮೇಲೆ ಹತ್ತಿಸಿ ಬಿಟ್ಟರು. ನನಗೆ ಮೂರು ಕಡೆ ಕಚ್ಚಿತು, ಅವರಿಗೆ ಒಂದೂ ಇಲ್ಲ. ಬೆಲ್ಲಕ್ಕೆ ಹುಳಿ ಬಂದ ಮಜ್ಜಿಗೆ ಸೇರಿಸಿದರೆ ಜೇನು ಹತ್ತಿರ ಬರುವುದಿಲ್ಲ, ನೊಣ ಬಿಡುವುದಿಲ್ಲ ಎಂದು ಆಮೇಲೆ ನಾವಿಬ್ಬರೂ ಸೇರಿ ಕಂಡುಕೊಂಡೆವು. ಬಿದ್ದ ನೊಣಗಳನ್ನು ಕುದಿನೀರಿಗೆ ಅದ್ದಿ ಅವರ ಮನೆಯ ಕೋಳಿಗಳಿಗೆ ಹಾಕುತ್ತಿದ್ದೆವು. ಕೋಳಿಗಳು ನನ್ನ ಸೈಕಲ್ ಕಂಡರೆ ಓಡಿ ಬರುತ್ತಿದ್ದವು.

ಯುದ್ಧ ಬಂತು. ತಂತಿ ಜಾಲರಿ ಸಿಕ್ಕದಾಯಿತು. ಬಾಷಾ ಸಾಬರು ಬಿದಿರ ಕಡ್ಡಿಗೆ ತೆಳುವಾದ ಮಲ್ಲು ಬಟ್ಟೆ ಸುತ್ತಿ ಬೋನು ಕಟ್ಟಿಕೊಟ್ಟರು. ಮಳೆಗೆ ನೆಂದು ಜೋತುಬೀಳುತ್ತಿದ್ದವು, ಆದರೂ ಹೇಗೋ ಕೆಲಸ ನಡೆಯಿತು. ಯುದ್ಧ ಮುಗಿದ ಮೇಲೆ ಡಿ.ಡಿ.ಟಿ. ಎಂಬ ಬಿಳಿ ಪುಡಿ ಬಂತು. ನೀರಿಗೆ ಕಲಸಿ ಗೋಡೆಗೆ ಹೊಡೆದರೆ ನೊಣ, ಸೊಳ್ಳೆ, ತಿಗಣೆ ಎಲ್ಲ ಉದುರಿದವು. ತಿಗಣೆ ಸತ್ತದ್ದಕ್ಕೆ ಜನ ನನಗೆ ಎಳನೀರು ಕೊಟ್ಟರು. ನಾನೂ ಕುಣಿದೆ. ಬೋನುಗಳನ್ನು ಉಗ್ರಾಣಕ್ಕೆ ಹಾಕಿದೆ. ಊರಾಚೆ ಕಳಿಸಿದ್ದ ತಿಪ್ಪೆಗಳು ಮೆಲ್ಲನೆ ಮನೆ ಬಾಗಿಲಿಗೆ ಬಂದವು, ನಾನು ಕಂಡೂ ಸುಮ್ಮನಿದ್ದೆ. ಕೆಲವು ವರ್ಷ ಕಳೆದ ಮೇಲೆ ಅದೇ ಬಿಳಿ ಗೋಡೆಯ ಮೇಲೆ ನೊಣಗಳು ಕೂತು ಆರಾಮಾಗಿ ಕೈ ಉಜ್ಜಿಕೊಳ್ಳುತ್ತಿದ್ದವು. ನಿಮಗೆ ನಾಳೆ ಇನ್ನೂ ಒಳ್ಳೆಯ ಪುಡಿ ಬರಬಹುದು. ಬಂದರೆ ಬಳಸಿ. ತಿಪ್ಪೆಯ ಮೇಲಿನ ಕಣ್ಣು ಮಾತ್ರ ತೆಗೆಯಬೇಡಿ.

ತಿಪ್ಪೆಯ ಮಾತು ನನಗೆ ಚೆನ್ನಾಗಿ ತಿಳಿದದ್ದು ಆ ಪುಡಿ ಬರುವುದಕ್ಕೂ ಮೊದಲು, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಹಳ್ಳಿಮೈಸೂರಿನ ಕಡೆಯ ಒಂದು ಹಳ್ಳಿಯಲ್ಲಿ. ನನ್ನ ಕೆಲಸದ ಕಾಲದಲ್ಲೆಲ್ಲ ನಾನು ಮಾಡಿದ ಅತಿ ಕೆಟ್ಟ ಕೆಲಸವೂ ಅಲ್ಲಿಯದೇ.

ಮಾವಿನ ಕಾಲ, ಎರಡು ಮಳೆ ಆಗಿತ್ತು. ಆ ಊರಲ್ಲಿ ಒಂದೇ ವಾರದಲ್ಲಿ ಐದಾರು ಮಕ್ಕಳಿಗೆ ರಕ್ತಭೇದಿ ಹಿಡಿಯಿತು. ಕೆಂಪಮ್ಮ ಎಂಬ ರೈತರ ಮನೆಯ ಸೊಸೆ ಎಂಟು ದಿನದೊಳಗೆ ಎರಡು ಗಂಡುಮಕ್ಕಳನ್ನು ಕಳೆದುಕೊಂಡಳು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಎರಡು. ಉಳಿದವಳು ಆರು ವರ್ಷದ ಮಗಳು ಜಯಿ. ಗಂಡ ಪಟಾಲಮ್ಮಿಗೆ ಸೇರಿ ದೂರದೂರಿನಲ್ಲಿದ್ದ. ಮನೆಯಲ್ಲಿ ಮಾವ ಕಾಳೇಗೌಡರು.

ನಾನು ಹೋಗಿ ಜನರನ್ನು ಊರ ಚಾವಡಿಯ ಮುಂದೆ ಸೇರಿಸಿದೆ. ಆ ಹೊತ್ತಿಗೆ ನಾನು ಒಳ್ಳೆಯ ಭಾಷಣಕಾರ ಎಂದು ಹೆಸರಾಗಿತ್ತು. ಬೋನಿನಿಂದ ಒಂದು ಹಿಡಿ ನೊಣ ಕಾಗದದ ಮೇಲೆ ಸುರಿದೆ. ಭೂತಗನ್ನಡಿ ಹಿಡಿದು ನೊಣದ ಕಾಲಿನ ಕೂದಲು ತೋರಿಸಿದೆ. “ಹೊಲಸಿನ ಮೇಲೆ ಕೂತ ಈ ಕಾಲೇ ನಿಮ್ಮ ಮಕ್ಕಳ ಅನ್ನದ ಮೇಲೆ ಕೂರುತ್ತದೆ. ನಿಮ್ಮ ಮಕ್ಕಳನ್ನು ಕೊಂದದ್ದು ಯಾವ ಮಾರಿಯೂ ಅಲ್ಲ, ಮುಚ್ಚದೆ ಇಟ್ಟ ಅನ್ನ” ಎಂದೆ. ಜನ ಉಸಿರು ಬಿಗಿಹಿಡಿದು ಕೇಳಿದರು. ನನಗೆ ಸಂತೋಷವಾಯಿತು.

ಎಲ್ಲರೂ ಏಳುವಾಗ ಕಂಬದ ಹಿಂದಿನಿಂದ ಕೆಂಪಮ್ಮ ಮುಂದೆ ಬಂದಳು. “ಸಾ, ಒಂದ್ ಮಾತ್ ಕೇಳ್ಲಾ?”

“ಕೇಳಮ್ಮ.”

“ಗದ್ದೆಗೆ ಓಗುವಾಗ ಮಕ್ಳಿಗೆ ಅಂತ ಮುದ್ದೆ ಸಾರು ತಣಿಗೇಲಿ ಆಕಿಟ್ಟು ಓಯ್ತಿದ್ದೆ. ಮುಚ್ತಿರ್ಲಿಲ್ಲ. ಮುಚ್ಚಿಟ್ಟಿದ್ರೆ ನನ್ ಮಕ್ಳು ಉಳ್ಕತಿದ್ವಾ?”

ನಾನು ಭೂತಗನ್ನಡಿಯನ್ನು ಚೀಲಕ್ಕೆ ಹಾಕುತ್ತ, “ಇನ್ನು ಮುಂದೆ ಮುಚ್ಚಿಡಮ್ಮ” ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ನನಗೆ ಗೊತ್ತಿತ್ತು. ಅವಳ ಮನೆಯ ಹಿತ್ತಲಲ್ಲಿ ಒಂದು ಬೋನು ಇಟ್ಟು, ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿದೆ.

ಒಂದು ವಾರದ ಮೇಲೆ ಕಾಳೇಗೌಡರು ಆಗ ನಾನಿದ್ದ ಹೊಳೆನರಸೀಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಅಷ್ಟು ದೂರ ನಡೆದೇ ಬಂದಿದ್ದರು. “ನೀವು ಬಂದೋದ ಮ್ಯಾಲೆ ಅವ್ಳು ನೆಟ್ಟಗೆ ಒಂದ್ ತುತ್ತು ತಿಂತಿಲ್ಲ ಸಾ. ಉಳ್ದಿರೋ ಮಗೀನ ಮುಟ್ತಿಲ್ಲ. ನನ್ ಕೈಯೇ ಇಸ ಅಂತಾಳೆ. ಆ ಕೂಸು ಅವ್ವಾ ಅಂತ ಇಂದಿಂದೆ ಓದ್ರೆ ದೂರ ಓಯ್ತಾಳೆ. ನೀವು ಏನೇಳುದ್ರೋ ಅದ್ನ ವಾಪಸ್ ತಕ್ಕಳಿ.”

ನಿಜವನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಹಾಸನಕ್ಕೆ ಹೋಗಿ ಡಾಕ್ಟರ ಮುಂದೆ ನಿಂತೆ. ಅವರು ಪೂರ್ತಿ ಕೇಳಿದರು. “ಊರು ಎಲ್ಲಿ ಬರುತ್ತೆ?” ಎಂದರು ಕೊನೆಗೆ.

ಮಾರನೆಯ ದಿನ ಹೊಳೆನರಸೀಪುರದವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಡಾಕ್ಟರು ಕಾಳೇಗೌಡರ ಜಗಲಿಯ ಮೇಲೆ, ಹಾಸಿದ ಕಂಬಳಿ ಬಿಟ್ಟು ಬರಿಯ ನೆಲದಲ್ಲಿ ಕೂತರು. ಕೆಂಪಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮುಖ ಒಣಗಿತ್ತು.

“ತಾಯಿ, ನಾನು ಡಾಕ್ಟರು” ಎಂದು ಶುರುಮಾಡಿದರು. “ನಮ್ಮ ಮನೇಲಿ ಎಲ್ಲ ಪಾತ್ರೆಗೂ ಮುಚ್ಚಳ ಇತ್ತು. ತಿಂಡಿ ಇಡೋಕೆ ಜಾಲರಿ ಬೀರು ಇತ್ತು. ನೀರು ಕುದಿಸಿ ಆರಿಸಿ ಕುಡೀತಿದ್ವಿ. ನನ್ನ ಮಗಳು, ನಾಲ್ಕು ವರ್ಷದೋಳು, ಇದೇ ಕಾಯಿಲೇಲಿ ಹೋದಳು. ಎಲ್ಲಿಂದ ಬಂತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.”

ಅವರ ಕೈಕೆಳಗೆ ಏಳೆಂಟು ವರ್ಷ ಕೆಲಸ ಮಾಡಿದ್ದ ನನಗೂ ಅದು ಗೊತ್ತಿರಲಿಲ್ಲ.

“ಇವನು ನೊಣದ ವಿಚಾರ ಹೇಳಿದ್ದು ಸುಳ್ಳಲ್ಲ. ಆದರೆ ನೀನು ಮುಚ್ಚಿಟ್ಟಿದ್ದರೆ ಅವರು ಉಳೀತಿದ್ದರು ಅಂತ ಇವನೂ ಹೇಳಲಾರ, ನಾನೂ ಹೇಳಲಾರೆ. ಹೊಟ್ಟೆ ತುಂಬಲಿ ಅಂತ ನೀನು ಅನ್ನ ಇಟ್ಟು ಹೋದೆ. ಅದು ತಾಯಿ ಮಾಡೋ ಕೆಲಸ. ಮುಂದಿನ ಮಗೂನ ಕಾಯೋಕೆ ನಾವು ಮುಚ್ಚಬೇಕು. ಹಿಂದಿನದಕ್ಕೆ ನಿನ್ನನ್ನ ನೀನು ಸುಟ್ಟುಕೊಳ್ಳೋಕಲ್ಲ.”

ಕೆಂಪಮ್ಮ ಬಾಗಿಲ ಸಂದಿಯಿಂದ ಹೊಸ್ತಿಲಿಗೆ ಬಂದಳು. ಆಮೇಲೆ ಕೇಳಿದಳು. “ನಿಮ್ಮನೆ ಅಮ್ಮಾವ್ರು ಊಟ ಮಾಡುದ್ರಾ?”

“ಬಹಳ ದಿನ ಮಾಡಲಿಲ್ಲ. ಆಮೇಲೆ ಮಾಡಿದಳು. ದೊಡ್ಡ ಮಗ ಇದ್ದನಲ್ಲ, ಅವನು ಅಮ್ಮ ತಿನ್ನದೆ ನಾನೂ ತಿನ್ನಲ್ಲ ಅಂತ ಕೂತ.”

ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಮಕ್ಕಳು ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಕಾಳೇಗೌಡರು ಆಮೇಲೆ ಹೇಳಿದರು. ಅತ್ತು ಸಮಾಧಾನವಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಜಯಿ, ಬಾವ್ವ ಇಲ್ಲಿ” ಎಂದಳು. ಹುಡುಗಿ ಬಂದು ಅವಳ ಮಡಿಲಿಗೆ ತಲೆ ತೂರಿಸಿದಳು. ಡಾಕ್ಟರು ಎದ್ದು ಗಾಡಿಯ ಕಡೆ ನಡೆದರು.

ಹದಿನೈದು ದಿನ ಬಿಟ್ಟು ನಾನು ಒಬ್ಬನೇ ಹೋದೆ. ಭಯವಿತ್ತು. ಕೆಂಪಮ್ಮನೇ ಬೋನು ತಂದು ಮುಂದಿಟ್ಟಳು. ತುಂಬಿ ಕಪ್ಪಗಿತ್ತು.

“ದಿನಾ ತುಂಬ್ತದೆ ಸಾ. ದಿನಾ ಬಿಸ್ನೀರಿಗೆ ಆಕ್ತೀನಿ. ಆದ್ರೂ ನಾಳೀಕ್ ಅಷ್ಟೇ ಇರ್ತವೆ. ಎಲ್ಲಿಂದ ಬತ್ತವೆ?”

ಅವಳ ಅಡುಗೆಮನೆಯ ಹಿಂಗೋಡೆಗೆ ಒರಗಿಕೊಂಡೇ ತಿಪ್ಪೆ ಇತ್ತು. ನಾನು ಈ ಸಲ ಭಾಷಣ ಮಾಡಲಿಲ್ಲ. ಒಂದು ಕೋಲಿನಿಂದ ತಿಪ್ಪೆಯ ಅಂಚನ್ನು ಕೆದಕಿದೆ. ಬೆಚ್ಚಗಿನ ಸಗಣಿಯೊಳಗೆ ಬಿಳಿಯ ಹುಳುಗಳು ಅಕ್ಕಿ ಚೆಲ್ಲಿದ ಹಾಗೆ ಮಿಜಿಗುಟ್ಟುತ್ತಿದ್ದವು. “ಇವು ನೊಣದ ಮರಿಗಳಮ್ಮ. ಇನ್ನೊಂದು ವಾರಕ್ಕೆ ರೆಕ್ಕೆ ಬರುತ್ತೆ” ಎಂದೆ. ಅವಳು ಕೋಲು ಇಸಿದುಕೊಂಡು ತಾನೇ ಇನ್ನೆರಡು ಕಡೆ ಕೆದಕಿ ನೋಡಿದಳು.

ಕಾಳೇಗೌಡರು ಒಪ್ಪಲಿಲ್ಲ. “ನಮ್ಮಪ್ಪನ ಕಾಲ್ದಿಂದ್ಲೂ ತಿಪ್ಪೆ ಅಲ್ಲೇ ಅದೆ. ಒಲದತ್ರ ಆಕುದ್ರೆ ಕಂಡೋರು ಗೊಬ್ರ ಒತ್ಕೊಂಡೋಯ್ತಾರೆ. ಬೋನು ಮಡಗಿದೀರಲ್ಲ, ಅದೇ ಸಾಕು” ಎಂದರು. ಅವರ ಮಾತಿನಲ್ಲೂ ಸತ್ಯವಿತ್ತು. ನಾನು ವಾದಿಸದೆ ಹಿಂತಿರುಗಿದೆ.

ಮುಂದಿನದು ಊರಿನವರು ಹೇಳಿದ್ದು. ಮರುದಿನ ಬೆಳಿಗ್ಗೆ ಕೆಂಪಮ್ಮ ಯಾರನ್ನೂ ಕೇಳದೆ ಮಂಕರಿಗೆ ಗೊಬ್ಬರ ತುಂಬಿ ತಲೆಯ ಮೇಲೆ ಹೊತ್ತು ಹೊಲದ ಅಂಚಿಗೆ ಹಾಕಿ ಬಂದಳು. ಮತ್ತೆ ತುಂಬಿದಳು, ಮತ್ತೆ ಹೋದಳು. ಎರಡನೆಯ ದಿನವೂ ಅದೇ. ಬೀದಿಯ ಹೆಂಗಸರು ನಿಂತು ನೋಡಿದರು. ಕಾಳೇಗೌಡರು ಜಗಲಿಯ ಮೇಲೆ ಕೂತು ನೋಡಿದರು. ಮೂರನೆಯ ದಿನ ಅವಳು ಮಂಕರಿ ಎತ್ತುವಷ್ಟರಲ್ಲಿ ಅವರು ಎತ್ತುಗಳನ್ನು ಗಾಡಿಗೆ ಹೂಡಿ ತಿಪ್ಪೆಯ ಪಕ್ಕಕ್ಕೆ ತಂದು ನಿಲ್ಲಿಸಿದ್ದರು. ಆ ವಾರವೇ ಹೊಲದಲ್ಲಿ ಗುಂಡಿ ತೋಡಿ, ಹಾಕಿದ ಗೊಬ್ಬರದ ಮೇಲೆ ಮಣ್ಣು ಮುಚ್ಚುವುದು ಶುರುವಾಯಿತು. ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹಾಗೇ ಮಾಡಿದರು.

ಮುಂದಿನ ಮಾವಿನ ಕಾಲಕ್ಕೆ ನಾನು ಆ ಊರಿಗೆ ಹೋದಾಗ ಕೆಂಪಮ್ಮ ಬೋನು ಹಿಡಿದು ಬಂದಳು. ಒಳಗೆ ಏಳೆಂಟು ನೊಣ ಇದ್ದಿರಬೇಕು, ಅಷ್ಟೇ.

“ಮೂರ್ ದಿನದಿಂದ ಇಷ್ಟೇ ಸಾ ಬಿದ್ದಿರೋದು. ಇದ್ನ ಕೆಳಗಲ ಬೀದಿ ಸಿದ್ದಮ್ಮನ ಮನೆಗೆ ಕೊಡಾನ. ಅವ್ಳ ಮಗೀಗೆ ನೆನ್ನೆಯಿಂದ ಬೇದಿ.”

ಸಿದ್ದಮ್ಮ ಹೊಸದಾಗಿ ಆ ಊರಿಗೆ ಬಂದ ಸೊಸೆ, ಚಿಕ್ಕ ವಯಸ್ಸು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಮ್ಮನ್ನು ಕಂಡವಳೇ ಅಳತೊಡಗಿದಳು. “ಅನ್ನ ಮುಚ್ಚಿಡು ಅಂತ ನೀನು ಏಳಿದ್ದೆ ಕಣಕ್ಕ. ನಾನೇ ಮರ್ತೆ. ನನ್ನಿಂದ್ಲೇ ಇಂಗಾಯ್ತು.”

ನಾನು ಬಾಯಿ ತೆರೆಯುವ ಮೊದಲೇ ಕೆಂಪಮ್ಮ ಅವಳ ಪಕ್ಕ ಕೂತಳು. ಮಗುವನ್ನು ತಾನು ತೆಗೆದುಕೊಂಡು ಅದರ ಹೊಟ್ಟೆ ಮುಟ್ಟಿ ನೋಡಿದಳು.

“ನಿನ್ನಿಂದ ಅಂತ ಯಾರೇಳುದ್ರು? ಅಂಗನ್ನಬ್ಯಾಡ. ಗಂಜಿ ತಿಳಿಗೆ ಉಪ್ಪಾಕಿ ಒಂದೊಂದ್ ಗುಟುಕೇ ಕುಡ್ಸು, ನಿಲ್ಲಿಸ್ಬ್ಯಾಡ. ಎದೆಹಾಲೂ ಕೊಡು. ಮೊದ್ಲು ನೀನು ಉಣ್ಣು. ನೀನು ಉಣ್ದೆ ಇದ್ರೆ ಇದ್ಕೆ ಆಲೆಲ್ಲಿಂದ ಬತ್ತದೆ?”

ಸಿದ್ದಮ್ಮ ಒಳಗೆ ಹೋಗಿ ಮುದ್ದೆ ಹಾಕಿಕೊಂಡು ಬಂದಳು. ಅವಳು ಉಂಡು ಮುಗಿಸುವ ತನಕ ಕೆಂಪಮ್ಮ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿದಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ಬೋನನ್ನು ಹಿತ್ತಲಿಗೆ ಒಯ್ದಳು. ಎಲ್ಲಿ ಇಡಬೇಕೆಂದು ನಾನು ಅವಳಿಗೆ ಹೇಳಬೇಕಾಗಿರಲಿಲ್ಲ. ಅವಳು ಇಟ್ಟು ಬರುವವರೆಗೆ ಮಗುವನ್ನು ಹಿಡಿದುಕೊಂಡು ನಿಂತಿದ್ದೆ.